ಮೂಲೆಯಲ್ಲಿರುವ ಸಹಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬೆಳಗಾಗುತ್ತಲೇ ಒಂದು ನಗೆಚಿತ್ರ ಬಂದು ಬೀಳುತ್ತದೆ. ಕಳಿಸುವವರು ಹರಿಹರದ ಚಿಕ್ಕಪ್ಪ. ಗುತ್ತೂರಿನಲ್ಲಿ ಕೂತ ನಾನು ಅದನ್ನು ನೋಡಿ ನಗುತ್ತೇನೆ. ನಗು ಮುಗಿಯುವುದರೊಳಗೆ ಕಣ್ಣು ಚಿತ್ರದ ಕೆಳಮೂಲೆಗೆ ಹೋಗುತ್ತದೆ. ಬರೆದವರ ಸಹಿ ಅಲ್ಲಿರುವುದಿಲ್ಲ. ದಾರಿಯಲ್ಲಿ ಯಾರೋ ಕತ್ತರಿಸಿರುತ್ತಾರೆ.

“ಹೆಸ್ರು ತಗಂಡು ಏನ್ ಮಾಡ್ತೀಯಪ್ಪ, ನಗು ಬಂತಿಲ್ಲ?” ಎನ್ನುತ್ತಾರೆ ಚಿಕ್ಕಪ್ಪ. ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಿಸಿದ ಕೈ ಅವರದು. 1941ರಲ್ಲಿ ಹರಿಹರಕ್ಕೆ ಬಂದ ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದರೂ, ಯಾವುದೋ ವರ್ಕ್‌ಶಾಪಿನಲ್ಲಿ ಹಳೆಯ ಲೇತ್ ಕಂಡರೆ ಸಾಕು, ಬಗ್ಗಿ ಅದರ ಮೈಮೇಲಿನ ಹೆಸರು ಓದಿ “ಇದು ನಮ್ದು” ಎಂದು ಸವರುತ್ತಾರೆ. ಚಿತ್ರದ ಮೂಲೆಯ ಹೆಸರೂ ಅಂಥದ್ದೇ ಚಿಕ್ಕಪ್ಪ!

ಹೆಸರು ಉಳಿದಿದ್ದ ಒಂದೇ ಕಾರಣಕ್ಕೆ ನನಗೆ ‘ಎಕ್ಸ್‌ಕೆಸಿಡಿ’ ಸಿಕ್ಕಿತು. ನಾಸಾದಲ್ಲಿ ರೋಬೋಗಳ ಕೆಲಸ ಮಾಡಿದ್ದ ರಾಂಡಲ್ ಮನ್ರೋ 2005ರಿಂದ ಅಂತರ್ಜಾಲದಲ್ಲಿ ಬರೆಯುತ್ತಿರುವ ಕಾಮಿಕ್ ಅದು. ಕಣ್ಣು ಮೂಗು ಇಲ್ಲದ ಕಡ್ಡಿ ಮನುಷ್ಯರು ಗಣಿತ, ಪ್ರೀತಿ, ಕಂಪ್ಯೂಟರ್ ಎಂದು ಏನೇನೋ ಮಾತಾಡುತ್ತಾರೆ. ಹರಿಹರದಿಂದ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಒಂದಾದ ಮೇಲೊಂದು ಓದಿ ನಗುತ್ತಿದ್ದರೆ ಪಕ್ಕದವರು ಮೊಬೈಲಿಗೆ ಇಣುಕುತ್ತಾರೆ. ಇಣುಕಲಿ, ಸಂತೋಷ. ಈ ಚಿತ್ರಗಳಲ್ಲಿ ಇನ್ನೊಂದು ಗುಟ್ಟಿದೆ. ಕಂಪ್ಯೂಟರಿನಲ್ಲಿ ಮೌಸನ್ನು ಚಿತ್ರದ ಮೇಲೆ ತಂದು ನಿಲ್ಲಿಸಿದರೆ ಮತ್ತೊಂದು ಸಾಲು ಮೇಲೇಳುತ್ತದೆ, ಎಷ್ಟೋ ಸಲ ಚಿತ್ರಕ್ಕಿಂತ ಹೆಚ್ಚು ನಗಿಸುವುದು ಆ ಸಾಲೇ. ಚಿತ್ರವನ್ನಷ್ಟೇ ಎತ್ತಿ ಫಾರ್ವರ್ಡ್ ಮಾಡಿದಾಗ ಅದು ಜೊತೆಗೆ ಬರುವುದಿಲ್ಲ. ಊರು ಕೇರಿಯೆಲ್ಲ ಅರ್ಧ ನಗುವನ್ನೇ ಹಂಚಿಕೊಂಡು ತೃಪ್ತಿಪಡುತ್ತದೆ.

ಬರೆದವರನ್ನು ಹುಡುಕುತ್ತ ಹಿಂದೆ ಹಿಂದೆ ಹೋಗುವ ಈ ಚಟ ನನ್ನನ್ನು ‘ಕೊರವಂಜಿ’ಯವರೆಗೆ ಕರೆದೊಯ್ದಿತು. ಬೆಂಗಳೂರಿನ ಮೆಜೆಸ್ಟಿಕ್ ಬಳಿ ಕ್ಲಿನಿಕ್ ಇಟ್ಟಿದ್ದ ಡಾ. ಎಂ. ಶಿವರಾಂ, ನಮ್ಮ ‘ರಾಶಿ’, 1942ರಲ್ಲಿ ಈ ನಗೆಮಾಸಿಕ ಶುರುಮಾಡಿದರು. ಎಂಥ ವರ್ಷ! ಹೊರಗೆ ಮಹಾಯುದ್ಧ, ಒಳಗೆ ಚಲೇಜಾವ್ ಚಳವಳಿ. ಅಂಥ ಹೊತ್ತಿನಲ್ಲಿ ಒಬ್ಬ ವೈದ್ಯರು ಜನ ನಗಬೇಕೆಂದು ಪತ್ರಿಕೆ ತರುತ್ತಾರೆ, ಬಿಡದೆ 1967ರವರೆಗೆ ನಡೆಸುತ್ತಾರೆ. ನಾ. ಕಸ್ತೂರಿಯಂಥವರು ಬರೆಯುತ್ತಾರೆ. ಚಿತ್ರಕ್ಕೆ? ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ, ಆರ್.ಕೆ. ಲಕ್ಷ್ಮಣ್. ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿಸಿಕೊಳ್ಳಲು ಒಪ್ಪದಿದ್ದ ಆ ಕೈಯನ್ನು ಕನ್ನಡದ ನಗೆಪತ್ರಿಕೆ ಪ್ರೀತಿಯಿಂದ ಬಳಸಿಕೊಂಡಿತು. ಅದೇ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಿಂದ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ಲಕ್ಷ್ಮಣ್ ಬರೆಯತೊಡಗಿದ್ದು ಎಲ್ಲರಿಗೂ ಗೊತ್ತು. ಆ ಶ್ರೀಸಾಮಾನ್ಯನನ್ನು ಬರೆದ ಕೈ ಮೊದಲು ಕನ್ನಡಿಗರನ್ನು ನಗಿಸಿತ್ತು ಎಂದು ಇವತ್ತು ನಾವು ಎದೆಯುಬ್ಬಿಸಿ ಹೇಳಬಲ್ಲೆವು, ಹೆಸರು ಉಳಿಯಿತು ಅಂತ. ಅಂದಿನ ಓದುಗರು ಚಿತ್ರವನ್ನಷ್ಟೇ ಕತ್ತರಿಸಿ ಇಟ್ಟುಕೊಂಡು ಹೆಸರು ಎಸೆದಿದ್ದರೆ?

ಹೆಸರು ಹೋದರೆ ಏನಾಗುತ್ತದೆ ಎಂಬುದೂ ಕಣ್ಣೆದುರಿಗಿದೆ. ಬೆಂಗಳೂರಿನ ಆರತಿ ಪಾರ್ಥಸಾರಥಿ 2014ರಿಂದ ‘ರಾಯಲ್ ಎಕ್ಸಿಸ್ಟೆನ್ಶಿಯಲ್ಸ್’ ಎಂಬ ವೆಬ್‌ಕಾಮಿಕ್ ಮಾಡಿದರು. ಹಳೆಯ ಚಿಕಣಿ ಚಿತ್ರಗಳ ರಾಜ ರಾಣಿಯರ ಬಾಯಲ್ಲಿ ನಮ್ಮ ಕಾಲದ ಸಂಕಟಗಳನ್ನು ಆಡಿಸಿದರು. ನಗುತ್ತ ನಗುತ್ತ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಅಂಥ ಹಳೆಯ ಚಿತ್ರಗಳಲ್ಲಿ ರಾಣಿಯ ಮೂಗುತಿಯನ್ನು ಕೂದಲೆಳೆ ಕುಂಚದಲ್ಲಿ ತಿದ್ದಿದ ಎಷ್ಟೋ ಕಲಾವಿದರ ಹೆಸರು ಇಂದು ಯಾರಿಗೂ ತಿಳಿಯದು.

ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲಾ ಕಾಲೇಜಿದೆ. ಅಲ್ಲಿನ ಹುಡುಗ ಹುಡುಗಿಯರು ನಮ್ಮೂರ ನಗುವನ್ನು ವೆಬ್ಬಿಗೆ ಏರಿಸಬೇಕು. ಬೆಣ್ಣೆ ದೋಸೆಗೆ ಕಾಯುವವರ ಮುಖಗಳಿವೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಅಜ್ಜಂದಿರಿದ್ದಾರೆ. ಬರೀರಪ್ಪ, ಬರೀರವ್ವ. ಸಹಿಯನ್ನು ಮಾತ್ರ ಮೂಲೆಗೆ ಹಾಕಬೇಡಿ. ಚಿತ್ರದೊಳಗಿನ ಬಸ್ಸಿನ ಬೋರ್ಡಿನಲ್ಲಿ ಊರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ.