ಹಂಚಿಕೊಂಡ ನಗು

‘ಹಂಚಿ ಉಂಡರೆ ಹಸಿವಿಲ್ಲ’ ಎಂಬುದು ಹಿರಿಯರ ಮಾತು. ಅನ್ನಕ್ಕೆ ಸಲ್ಲುವ ಈ ಮಾತು ನಗೆಗೂ ಸಲ್ಲುತ್ತದೆ. ಒಬ್ಬನೇ ಕುಳಿತು ನಗುವವನನ್ನು ಕಂಡರೆ ಜನ ಅನುಮಾನಿಸುತ್ತಾರೆ. ನಾಲ್ವರೊಡನೆ ನಕ್ಕರೆ ರಸಿಕನೆಂದು ಮೆಚ್ಚುತ್ತಾರೆ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಗೆ ‘ಕೊರವಂಜಿ’ ಬರುತ್ತಿತ್ತು. ವೈದ್ಯರಾಗಿದ್ದ ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ಆ ಹಾಸ್ಯಪತ್ರಿಕೆ 1967ರವರೆಗೆ ನಡೆಯಿತು. ಆರ್. ಕೆ. ಲಕ್ಷ್ಮಣ್ ಅವರೂ ಅದಕ್ಕೆ ವ್ಯಂಗ್ಯಚಿತ್ರಗಳನ್ನು ಬರೆದಿದ್ದರು. ತಂದೆಯವರು ಓದಿ ನಕ್ಕ ಸಂಚಿಕೆ ನೆರೆಮನೆಗೆ ಹೋಗುತ್ತಿತ್ತು. ಎರಡು ದಿನಗಳ ಅನಂತರ ಆ ಮನೆಯಿಂದ ನಗು ಕೇಳಿಬರುತ್ತಿತ್ತು. ಅಂದು ನಗೆ ಕಾಲ್ನಡಿಗೆಯಲ್ಲಿ ಸಂಚರಿಸುತ್ತಿತ್ತು.

ಇಂದು ಅದಕ್ಕೆ ರೆಕ್ಕೆ ಮೂಡಿವೆ. ಮೊಬೈಲಿನ ಮೇಲೆ ಬೆರಳಿಟ್ಟರೆ ಸಾಕು, ಚಿತ್ರವೂ ಚಟಾಕಿಯೂ ಕ್ಷಣದಲ್ಲಿ ಕಡಲು ದಾಟುತ್ತವೆ. ನಗು, ಮುನಿಸು, ದುಃಖಗಳಿಗೆಲ್ಲ ಪುಟ್ಟ ಮೊಗಗಳಿವೆ. ಇವುಗಳ ಹುಟ್ಟು ಕುತೂಹಲಕರವಾದುದು. ಕಂಪ್ಯೂಟರಿನಲ್ಲಿ ಬರೆದ ತಮಾಷೆಯನ್ನು ಓದುವವರು ನಿಜವೆಂದು ಭ್ರಮಿಸಬಾರದೆಂದು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ ಎಂಬ ವಿಜ್ಞಾನಿ 1982ರ ಸೆಪ್ಟೆಂಬರ್ 19ರಂದು ಒಂದು ಉಪಾಯ ಸೂಚಿಸಿದರು. ವಿವರಣ ಚಿಹ್ನೆ, ಅಡ್ಡಗೆರೆ, ಆವರಣ ಚಿಹ್ನೆ, ಈ ಮೂರನ್ನು ಜೋಡಿಸಿದರೆ ಮಗ್ಗುಲಾಗಿ ಮಲಗಿದ ನಗೆಮೊಗವಾಯಿತು! ಇದೇ ಚಿಹ್ನೆಗಳನ್ನು ನಾನು ಮೂವತ್ತು ವರ್ಷ ವ್ಯಾಕರಣದ ತರಗತಿಯಲ್ಲಿ ಕಲಿಸಿದೆ; ಒಂದು ಮಗುವೂ ನಗಲಿಲ್ಲ.

ನಿವೃತ್ತ ಶಿಕ್ಷಕರಾದ ನಮ್ಮದೂ ಒಂದು ವಾಟ್ಸ್ಆ್ಯಪ್ ಬಳಗವಿದೆ. ಒಮ್ಮೆ ನಾವು ಉಪನ್ಯಾಸವೊಂದನ್ನು ಏರ್ಪಡಿಸಿದ್ದೆವು. ವಿಷಯ ‘ಎಚ್ಚೆತ್ತ ಸಮಾಜ’. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮುಂದಿನ ಸಾಲಿನಲ್ಲಿಯೇ ಕುಳಿತು, ಬಾಯಿ ತೆರೆದು ಗಾಢನಿದ್ರೆಯಲ್ಲಿದ್ದರು. ನಾನು ಮೆಲ್ಲನೆ ಅವರ ಚಿತ್ರ ತೆಗೆದು, ‘ಎಚ್ಚೆತ್ತ ಶ್ರೋತೃ’ ಎಂದು ಬರೆದು ಬಳಗಕ್ಕೆ ಕಳುಹಿಸಿದೆ. ನಗೆಮೊಗಗಳ ಮಳೆಯೇ ಸುರಿಯಿತು. ನನ್ನ ಹಾಸ್ಯಪ್ರಜ್ಞೆಗೆ ನಾನೇ ತಲೆದೂಗಿದೆ.

ಸಂಜೆ ಅವರಿಂದ ಕರೆ ಬಂತು. “ಚಿತ್ರ ಚೆನ್ನಾಗಿದೆ, ಮೇಷ್ಟ್ರೇ. ನಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದಾರೆ. ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ನೀವು ಕರೆದಿರಲ್ಲ, ತಪ್ಪಿಸಬಾರದೆಂದು ಬಂದೆ.” ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಚಿತ್ರವನ್ನು ಕೂಡಲೇ ಅಳಿಸಿದೆ. ಆದರೆ ವಾರದೊಳಗೆ ಅದು ದೂರದ ನೆಂಟರೊಬ್ಬರಿಂದ ನನಗೇ ಮರಳಿ ಬಂತು. ಅದರ ಕೆಳಗೆ ಯಾರೋ ಇನ್ನಷ್ಟು ಕಟುವಾದ ಮಾತನ್ನು ಸೇರಿಸಿದ್ದರು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಮಕ್ಕಳಿಗೆ ಎಷ್ಟು ಸಲ ವಿವರಿಸಿದ್ದೆನೋ! ಗಾದೆ ನನಗೆ ಅರ್ಥವಾದದ್ದು ಅಂದು.

ಆ ಕರೆ ಬಂದ ರಾತ್ರಿಯೇ ನಾನು ಆಸ್ಪತ್ರೆಗೆ ಹೋಗಿದ್ದೆ. ಕ್ಷಮೆ ಕೇಳಲು ಮಾತು ಹೊರಡಲಿಲ್ಲ. “ನೀವು ಮನೆಗೆ ಹೋಗಿ ಮಲಗಿ, ನಾನಿರುತ್ತೇನೆ” ಎಂದಷ್ಟೇ ಹೇಳಿ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತೆ. ಬೆಳಗಿನ ಜಾವ ಯಾರೋ ಭುಜ ತಟ್ಟಿದಂತಾಗಿ ಎಚ್ಚರವಾಯಿತು. ಕೈಯಲ್ಲಿ ಮೊಬೈಲು ಹಿಡಿದು ಗೆಳೆಯರು ನಿಂತಿದ್ದರು. ಅದರಲ್ಲಿ ನನ್ನ ಚಿತ್ರ: ಬಾಯಿ ತೆರೆದಿದೆ, ಕನ್ನಡಕ ಮೂಗಿನ ತುದಿಗಿಳಿದಿದೆ!

“ಇವಳಿಗೆ ತೋರಿಸಿದೆ. ನಾಲ್ಕು ದಿನಗಳ ಮೇಲೆ ಇಂದು ನಕ್ಕಳು” ಎಂದರು. ಆಮೇಲೆ ಸ್ವಲ್ಪ ತಡೆದು, “ಬಳಗಕ್ಕೆ ಕಳುಹಿಸಲೇ?” ಎಂದು ಕೇಳಿದರು.

ನಾನು ಕೇಳದೆ ಹೋದ ಪ್ರಶ್ನೆ ಅದು. ಕೇಳಿ ಹಂಚಿದರೆ ನಗು, ಕೇಳದೆ ಹಂಚಿದರೆ ಗಾಯ. ಇವೆರಡರ ನಡುವಿನ ಅಂತರ ಒಂದೇ ಒಂದು ಮಾತಿನಷ್ಟು.

“ಅಗತ್ಯವಾಗಿ ಕಳುಹಿಸಿ” ಎಂದೆ. ಬಳಗದವರೆಲ್ಲ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವನು ನಾನು.