ಅಷ್ಟಮಿ ಕಳೆದ ಮೇಲೆ ಹೋಮರ್‌ಗೆ

ಅಪ್ಪಯ್ಯನ ದೋಣಿಯನ್ನು ನಾನು ಎಂದೂ ಹತ್ತಿದವಳಲ್ಲ. ಗಂಗೊಳ್ಳಿಯ ದಕ್ಕೆಯಲ್ಲಿ ನಿಂತು ಅದು ಅಳಿವೆ ದಾಟುವುದನ್ನು ನೋಡಿದ್ದೇನೆ, ತಿರುಗಿ ಬಂದಾಗ ಅಮ್ಮನ ಜೊತೆ ಕೂತು ಬಂಗುಡೆ ಆರಿಸಿದ್ದೇನೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಕೆಲಸವೆಲ್ಲ ದಡದಲ್ಲೇ. ಹಾಗಾಗಿ ಅಪ್ಪಯ್ಯ ಸಿಯಾಟಲ್‌ಗೆ, ನನ್ನ ಮನೆಗೆ, ಬರುವುದು ಖಚಿತವಾದಾಗ ನನಗೆ ಹೊಳೆದದ್ದು ಒಂದೇ. ಈ ಸಲ ಇಬ್ಬರೂ ಕೂಡಿ ಕಡಲಿಗೆ ಹೋಗಬೇಕು.

ಆರಿಸಿಕೊಂಡದ್ದು ಅಲಾಸ್ಕಾದ ಹೋಮರ್. ಹಾಲಿಬಟ್ ಎಂಬ ಮೀನಿನ ಬೇಟೆಗೆ ಹೆಸರಾದ ಪುಟ್ಟ ಊರು. ಅಲ್ಲಿ ಚಾರ್ಟರ್ ಬೋಟುಗಳಿವೆ. ಒಂದು ದಿನಕ್ಕೆ ಜಾಗ ಕಾದಿರಿಸಿದರೆ ಗಾಳ, ಎರೆ, ಬೋಟು ನಡೆಸುವವನು ಎಲ್ಲ ಅವರದೇ. ಫೋನಿನಲ್ಲಿ ಹೇಳಿದಾಗ ಅಪ್ಪಯ್ಯನಿಗೆ ನಂಬಿಕೆಯೇ ಬರಲಿಲ್ಲ.

“ದುಡ್ಡ್ ಕೊಟ್ಟ್ ಮೀನ್ ಹಿಡುಕೆ ಹೋಪುದಾ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಿ ನೀರ್ ಎಷ್ಟ್ ಏರತ್ತ್?” ಎಂದು ಕೇಳಿದರು.

ನಾನು ಬಾಡಿಗೆ ನೋಡಿದ್ದೆ, ಉಳಿಯುವ ಕೋಣೆ ನೋಡಿದ್ದೆ, ಅಪ್ಪಯ್ಯನ ಅಳತೆಯ ದಪ್ಪ ಜಾಕೆಟ್ಟನ್ನೂ ನೋಡಿಟ್ಟಿದ್ದೆ. ನೀರು ಎಷ್ಟು ಏರುತ್ತದೆ ಎಂದು ನೋಡಿರಲಿಲ್ಲ. ಭರತ-ಇಳಿತದ ಪಟ್ಟಿ ತೆಗೆದರೆ, ಕೆಲವು ದಿನ ಇಳಿತಕ್ಕೂ ಭರತಕ್ಕೂ 28 ಅಡಿಯ ವ್ಯತ್ಯಾಸ! ನಮ್ಮೂರಲ್ಲಿ ಆರಡಿ ಏರಿದರೆ ದೊಡ್ಡ ಭರತ. ಓದಿ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, “ಹುಣ್ಣಿಮೆ, ಅಮಾಸೆ ಹತ್ರ ಬ್ಯಾಡ. ಅಷ್ಟಮಿ ಕಳ್ದ್ ಮೇಲೆ ಹೋಪ,” ಎಂದರು.

ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿಕೊಳ್ಳುತ್ತದೆ, ನೀರು ಜೋರಾಗಿ ಎಳೆಯುತ್ತದೆ. ಅಷ್ಟಮಿಯ ಸುಮಾರಿಗೆ ಆ ಸೆಳೆತ ಹಂಚಿಹೋಗುತ್ತದೆ. ಹಾಲಿಬಟ್ ಕಡಲಿನ ತಳಕ್ಕೇ ಅಂಟಿಕೊಂಡು ಬಾಳುವ ಮೀನು. ನೀರಿನ ಎಳೆತ ಹೆಚ್ಚಾದರೆ ಗಾಳದ ಸೀಸ ತಳದಲ್ಲಿ ನಿಲ್ಲುವುದೇ ಇಲ್ಲ. ಹೋಮರ್ ಎಲ್ಲಿದೆ ಎಂದು ಅಪ್ಪಯ್ಯನಿಗೆ ಗೊತ್ತಿರಲಿಲ್ಲ, ಆದರೆ ಅಲ್ಲಿಯ ಚಂದ್ರ ಗೊತ್ತಿದ್ದ. ಒಂದು ಕಡೆ ಅಮ್ಮ ಕಳಿಸಿದ್ದ ಪಂಚಾಂಗ, ಇನ್ನೊಂದು ಕಡೆ ಅಲಾಸ್ಕಾದ ಪಟ್ಟಿ ಇಟ್ಟುಕೊಂಡು ಜೂನ್ ತಿಂಗಳಲ್ಲಿ ದಿನ ಗೊತ್ತುಮಾಡಿದೆ. ಈಚಿನ ವರ್ಷಗಳಲ್ಲಿ ಅಲ್ಲಿ ಬುಧವಾರ ಚಾರ್ಟರ್ ಬೋಟುಗಳು ಹಾಲಿಬಟ್ ಹಿಡಿಯುವಂತಿಲ್ಲ, ಅದನ್ನೂ ತಪ್ಪಿಸಿದ್ದಾಯಿತು. ನಮ್ಮಲ್ಲಿ ಜೂನ್ ಎಂದರೆ ಯಾಂತ್ರಿಕ ಬೋಟುಗಳಿಗೆ 61 ದಿನಗಳ ನಿಷೇಧ ಶುರುವಾಗಿ ದಕ್ಕೆ ತುಂಬ ಕಟ್ಟಿಹಾಕಿದ ದೋಣಿಗಳು, ಮೇಲೆ ಮಳೆ. ಅಲ್ಲಿ ಅದೇ ಸುಗ್ಗಿ.

ಆಂಕರೇಜ್‌ನಲ್ಲಿ ಇಳಿದು ಕಾರಿನಲ್ಲಿ ಐದು ಗಂಟೆಯ ದಾರಿ. ಒಂದು ಬದಿಗೆ ಹಿಮ ಹೊದ್ದ ಬೆಟ್ಟ, ಇನ್ನೊಂದು ಬದಿಗೆ ನೀರು ಇಳಿದು ಬಯಲಾದ ಬೂದುಬಣ್ಣದ ಕೆಸರು. ಕೊನೆಯ ಏರು ಹತ್ತಿದಾಗ ಕೆಳಗೆ ಕಚೆಮಾಕ್ ಕೊಲ್ಲಿ, ಅದರಾಚೆ ಹಿಮನದಿಗಳು, ನಡುವೆ ಏಳು ಕಿಲೋಮೀಟರ್ ಉದ್ದಕ್ಕೆ ಕಡಲಿಗೆ ಚಾಚಿದ ಮರಳುದಿಣ್ಣೆ. ಅಪ್ಪಯ್ಯ ಕಾರು ನಿಲ್ಲಿಸಲು ಹೇಳಿದರು. “ಮರವಂತೆ ಕಂಡಾಂಗಿತ್ತ್,” ಎಂದರು. ನಿಜ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಸೌಪರ್ಣಿಕಾ. ಇಲ್ಲಿ ಎರಡು ಕಡೆಗೂ ಕಡಲು. 1964ರ ಮಾರ್ಚ್ 27ರ ಭೂಕಂಪ 9.2 ತೀವ್ರತೆಯದು. ಅಂದು ಈ ದಿಣ್ಣೆ ಹಲವು ಅಡಿ ಕುಸಿಯಿತಂತೆ. ಆದರೂ ಜನ ಅದನ್ನು ಬಿಡದೆ ಬಂದರು ಕಟ್ಟಿಕೊಂಡಿದ್ದಾರೆ.

ಬಂದರಿನಲ್ಲಿ ದಕ್ಕೆಯೇ ತೇಲುತ್ತದೆ. ಇಳಿತದ ಹೊತ್ತಿಗೆ ಅದಕ್ಕೆ ಇಳಿಯುವ ಹಲಗೆದಾರಿ ಮನೆಯ ಅಟ್ಟದ ಏಣಿಯಷ್ಟು ಕಡಿದು. ರಾತ್ರಿ ಊಟ ಮುಗಿಸಿ ಮತ್ತೆ ಹೋದರೆ ಅದೇ ದಾರಿ ಹೆಚ್ಚುಕಡಿಮೆ ಚಪ್ಪಟೆ! ಹನ್ನೊಂದು ಗಂಟೆಯಾಗಿತ್ತು, ಬಿಸಿಲು ಇನ್ನೂ ಬೆಟ್ಟದ ನೆತ್ತಿಯಲ್ಲಿತ್ತು. ಅಪ್ಪಯ್ಯ ಕಂಬಕ್ಕೆ ಅಂಟಿದ ಪಾಚಿಯ ಗುರುತು ನೋಡುತ್ತ ತುಂಬ ಹೊತ್ತು ನಿಂತರು.

ಮರುದಿನ ನಾವೂ ಸೇರಿ ಬೋಟಿನಲ್ಲಿ ಆರು ಜನ. ಎರಡು ಗಂಟೆ ಓಡಿದ ಮೇಲೆ ಲಂಗರು ಬಿತ್ತು. ಅಡಿಯಲ್ಲಿ ಇನ್ನೂರು ಅಡಿ ನೀರು. ಗಾಳದ ಕೊಕ್ಕೆ ನಮ್ಮೂರಿನದರಂತಲ್ಲ, ತುದಿ ಒಳಕ್ಕೆ ಬಾಗಿ ಹೆಚ್ಚುಕಡಿಮೆ ಬಳೆಯ ಆಕಾರ. ಮೀನು ಮುಟ್ಟಿದ ಕೂಡಲೇ ಜಗ್ಗಬಾರದು, ಅದು ಎರೆ ನುಂಗಿ ತಿರುಗುವಾಗ ಕೊಕ್ಕೆ ತಾನೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಗಾಳ ಅಲುಗಿದರೆ ಜಗ್ಗಿಯೇ ಅಭ್ಯಾಸವಾದ ಅಪ್ಪಯ್ಯ ಇದನ್ನು ಕೇಳಿ ಕೊಕ್ಕೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಎರಡು ಪೌಂಡಿನ ಸೀಸ ತಳ ಮುಟ್ಟಿದ್ದು ನನ್ನ ಮೊಣಕೈವರೆಗೆ ತಿಳಿಯಿತು.

ಮೊದಲ ಮೀನು ಅವರಿಗೇ ಸಿಕ್ಕಿತು. ತಳದಿಂದ ಬಾಗಿಲು ಎತ್ತಿದಷ್ಟು ಭಾರ. ಮೇಲೆ ಬಂದಾಗ ನಾನು ಕೂಗಿಯೇ ಬಿಟ್ಟೆ: ನಂಗು! ಅಮ್ಮ ಹುರಿಯುತ್ತಿದ್ದ ಗೇಣುದ್ದದ ನಂಗಿನಂತೆಯೇ ಚಪ್ಪಟೆ, ಮೇಲೆ ಕೆಸರಿನ ಬಣ್ಣ, ಕೆಳಗೆ ಸುಣ್ಣದ ಬಿಳಿ. ಉದ್ದ ಮಾತ್ರ ನನ್ನ ಸೊಂಟದವರೆಗೆ. ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ. ಮರಿಯಾಗಿದ್ದಾಗ ಎರಡು ಕಡೆ ಒಂದೊಂದು ಇದ್ದು, ಬೆಳೆಯುತ್ತ ಎಡಗಣ್ಣು ತಲೆ ಸುತ್ತಿ ಬಲಕ್ಕೆ ಬರುತ್ತದಂತೆ. ಅಪ್ಪಯ್ಯ ಬೆರಳಿಟ್ಟು ತೋರಿಸಿದರು: ನಮ್ಮ ನಂಗಿಗೆ ಕಣ್ಣು ಎಡಕ್ಕೆ, ಇದಕ್ಕೆ ಬಲಕ್ಕೆ.

ಒಬ್ಬರಿಗೆ ದಿನಕ್ಕೆ ಎರಡೇ ಮೀನು, ಅದರಲ್ಲೂ ಒಂದು ಸಣ್ಣದೇ ಆಗಿರಬೇಕು. ಹಾಲಿಬಟ್ ಉಳಿಸಲು ಅಮೆರಿಕ ಮತ್ತು ಕೆನಡಾ 1923ರಲ್ಲೇ ಒಪ್ಪಂದ ಮಾಡಿಕೊಂಡಿವೆ, ಈಗಲೂ ಲೆಕ್ಕವಿಟ್ಟೇ ಹಿಡಿಯುತ್ತಾರೆ. ಬಲೆಯಲ್ಲಿ ರಾಶಿಗಟ್ಟಲೆ ಎಳೆದ ಅಪ್ಪಯ್ಯ ಇದಕ್ಕೆ ಬೇಸರಿಸುತ್ತಾರೆಂದುಕೊಂಡಿದ್ದೆ. ಎರಡನೆಯದನ್ನು ಹಿಡಿದು, ಗಾಳ ಸುತ್ತಿಟ್ಟು, ನನ್ನ ಪಕ್ಕ ಬಂದು ಕೂತರು.

ನನಗೆ ಇನ್ನೂ ಒಂದು ಬಾಕಿ. ನೇರ ಇಳಿದಿದ್ದ ನನ್ನ ದಾರ ಕೂದಲೆಳೆಯಷ್ಟು ಓರೆಯಾಯಿತು. “ನೀರ್ ತಿರುಗ್ತ್,” ಎಂದು ಅಪ್ಪಯ್ಯ ಮೆಲ್ಲಗೆ ಹೇಳಿದರು. “ಇನ್ನ್ ಸ್ವಲ್ಪ ಹೊತ್ತೇ ಇಪ್ಪುದ್. ಬಿಡ್ಬೇಡ, ಹಿಡ್ಕೋ.” ನನ್ನ ಕೈಯ ಮೇಲೆ ಅವರ ಕೈ ಇತ್ತು. ಬೋಟು ನಡೆಸುವವನು ಬಾಗಿಲಿನಿಂದ ತಲೆ ಹೊರಹಾಕಿ ಅದೇ ಮಾತನ್ನು ಇಂಗ್ಲಿಷಿನಲ್ಲಿ ಕೂಗಿದ್ದು ಆಮೇಲೆ.