ಶಿಕಾಗೋ ನಗರದಲ್ಲಿ ಆರು ರಾತ್ರಿ

ಪರದೇಶ ಪ್ರವಾಸದ ಲೇಖಗಳು ಬಹುಮಟ್ಟಿಗೆ ಎರಡು ಬಗೆಯವು. ಸಭೆ ಸಮಾರಂಭಗಳ ಆಮಂತ್ರಣ ಪಡೆದು ಹೋದವರು ಬರೆದವು ಕೆಲವು. ಮಕ್ಕಳ ಮನೆಗೆ ಹೋಗಿ, ಅವರ ಮೋಟಾರಿನಲ್ಲಿ ಕುಳಿತು ಊರು ನೋಡಿದವರು ಬರೆದವು ಹಲವು. ಎರಡರಲ್ಲಿಯೂ ಬರೆದವರ ಕಿಸೆಯಿಂದ ಹಣ ಹೊರಬಿದ್ದ ಸಪ್ಪಳವು ವಾಚಕರಿಗೆ ಕೇಳಿಸುವದಿಲ್ಲ. ನಿವೃತ್ತಿವೇತನದಲ್ಲಿ ಉಳಿಸಿದ ಐದು ನೂರು ಡಾಲರುಗಳನ್ನು ಎಣಿಸೆಣಿಸಿ ವೆಚ್ಚ ಮಾಡುತ್ತ, ಏಕಾಕಿಯಾಗಿ ಒಂದು ಮಹಾನಗರವನ್ನು ಸುತ್ತಿದ ಸಂಗತಿಯನ್ನು ನಾವು ಇಲ್ಲಿ ಅರಿಕೆ ಮಾಡಿಕೊಳ್ಳುವೆವು.

2024ರ ಸಪ್ಟೆಂಬರ ತಿಂಗಳಲ್ಲಿ ನಾವು ನಾಗಾವಿಯಿಂದ ಒಹಾಯೋ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಂದ ಶಿಕಾಗೋ ಒಂದು ರಾತ್ರಿಯ ದಾರಿ. ಒಬ್ಬರೇ ಹೋಗಿಬರುವೆವೆಂದಾಗ ಮಗಳು, “ಅಪ್ಪಾ, ಒಬ್ಬರ ಹೋಗಬ್ಯಾಡ್ರಿ. ಮುಂದಿನ ತಿಂಗಳ ಅವರಿಗೆ ಸೂಟಿ ಐತಿ, ಕಾರಿನಾಗ ಕರಕೊಂಡ ಹೋಗತೇವಿ” ಎಂದಳು. ಅವಳ ಮಾತು ಯೋಗ್ಯವಾದದ್ದೇ. ಆದರೆ ಮೂವತ್ತು ವರ್ಷ ಮಕ್ಕಳಿಗೆ ರಘುವಿನ ದಿಗ್ವಿಜಯವನ್ನು ಪಾಠ ಹೇಳಿದವರಿಗೆ ಅದರ ಚಪಲ ಒಂದಿಷ್ಟಾದರೂ ಅಂಟಿಕೊಳ್ಳದೆ ಇರುವದೆ? ಖಡಕ ರೊಟ್ಟಿ, ಶೇಂಗಾ ಚಟ್ನಿ, ಎರಡು ಸೇರು ಅವಲಕ್ಕಿ ಕಟ್ಟಿಕೊಂಡು ರಾತ್ರಿಯ ಬಸ್ಸು ಹತ್ತಿದೆವು.

ನಾವು ಇಳಿದುಕೊಂಡದ್ದು ಒಂದು ಅಗ್ಗದ ವಸತಿಗೃಹ. ಕೋಣೆಯೊಂದಕ್ಕೆ ಹತ್ತು ಜನ. ಮಂಚಗಳು ನಮ್ಮ ರೇಲ್ವೆಯ ಮಲಗುವ ಡಬ್ಬಿಯಂತೆ ಮೇಲೊಂದು ಕೆಳಗೊಂದು. ಹಾಸಿಗೆಗೆ ರಾತ್ರಿಯೊಂದಕ್ಕೆ ನಲವತ್ತೈದು ಡಾಲರು. ನಮ್ಮ ಪಾಲಿಗೆ ಬಂದದ್ದು ಮೇಲಿನ ಮಂಚ. ಅರವತ್ತರ ಮೊಣಕಾಲುಗಳು ಆ ನಿಚ್ಚಣಿಕೆಯನ್ನು ನೋಡಿ ಅಲ್ಲಿಯೇ ನಿಂತವು. ಕೆಳಗಿದ್ದ ಕೊರಿಯಾ ದೇಶದ ತರುಣನು ಒಂದು ಮಾತೂ ಆಡದೆ ತನ್ನ ಹೊದಿಕೆಯನ್ನು ಎತ್ತಿಕೊಂಡು ಮೇಲೇರಿಬಿಟ್ಟನು. ಮರುದಿವಸ ಅವನಿಗೆ ರೊಟ್ಟಿ ಚಟ್ನಿ ಕೊಟ್ಟೆವು. ಅವನು ರೊಟ್ಟಿಯನ್ನು ಹಪ್ಪಳವೆಂದು ತಿಳಿದು ನಾಲ್ಕು ತಿಂದನು. ಅತಿಥಿಸತ್ಕಾರಕ್ಕೆ ಭಾಷೆಯು ಅಷ್ಟೇನೂ ಬೇಕಾಗುವದಿಲ್ಲ.

2024ರಲ್ಲಿ ಇಪ್ಪತ್ತು ಡಾಲರು ಕೊಟ್ಟರೆ ಏಳು ದಿವಸ ಆ ಊರಿನ ಗಾಡಿಗಳಲ್ಲಿಯೂ ಬಸ್ಸುಗಳಲ್ಲಿಯೂ ಮನಬಂದಂತೆ ತಿರುಗಬಹುದಾಗಿದ್ದಿತು. 1892ರಿಂದ ನಡೆದುಬಂದ ಈ ಗಾಡಿಯು ಪೇಟೆಯ ನಡುವೆ ಕಬ್ಬಿಣದ ಕಂಬಗಳ ಮೇಲೆ, ಮನೆಗಳ ಎರಡನೆಯ ಅಟ್ಟದ ಕಿಟಕಿಗಳನ್ನು ಇಣಿಕಿ ನೋಡುತ್ತ ಓಡುವದು. ಉತ್ತರದ ಹೋವರ್ಡ ನಿಲ್ದಾಣದಿಂದ ದಕ್ಷಿಣದ 95ನೆಯ ಬೀದಿಯ ವರೆಗೆ ಕೆಂಪು ದಾರಿಯಲ್ಲಿ ನಾವು ಎರಡು ಸಲ ಹೋಗಿ ಬಂದೆವು. ನಡುಪೇಟೆ ದಾಟಿದ ಮೇಲೆ ಬಿಳಿಯ ಪ್ರಯಾಣಿಕರೆಲ್ಲ ಇಳಿದು, ಡಬ್ಬಿಯಲ್ಲಿ ಕರಿಯ ಜನರೂ ನಾವೂ ಮಾತ್ರ ಉಳಿಯುವೆವು. ಯಾವ ಫಲಕವೂ ಅಲ್ಲಿ ಹಾಗೆ ಅಪ್ಪಣೆ ಮಾಡಿಲ್ಲ. ಮೋಟಾರಿನಲ್ಲಿ ಹೋದವರಿಗೆ ಇದು ಕಾಣುವದಿಲ್ಲ.

ಶಿಕಾಗೋ ಎಂದೊಡನೆ ನಮ್ಮವರಿಗೆಲ್ಲ ನೆನಪಾಗುವವರು ಸ್ವಾಮಿ ವಿವೇಕಾನಂದರು. 1892ರ ಅಕ್ಟೋಬರದಲ್ಲಿ ಬೆಳಗಾವಿಯಲ್ಲಿದ್ದು, ಬಳಿಕ ಮೈಸೂರಿನ ಅರಸರ ಆದರಕ್ಕೆ ಪಾತ್ರರಾದ ಆ ಸನ್ಯಾಸಿಯು ಮರುವರುಷದ ಜುಲೈಯಲ್ಲಿ ಈ ಊರಿಗೆ ಬಂದರು. ಸರ್ವಧರ್ಮ ಸಭೆಗೆ ಇನ್ನೂ ಆರು ವಾರವಿದ್ದಿತು. ಕೈಯಲ್ಲಿಯ ಹಣವಾದರೋ ಕರಗುತ್ತಿದ್ದಿತು. ಬಾಸ್ಟನ್ನಿನ ಕಡೆಗೆ ಜೀವನವು ಅಗ್ಗವೆಂದು ಕೇಳಿ ಅತ್ತ ಹೋದರು. ತಿರುಗಿ ಬಂದಾಗ ಸಭೆಯವರ ವಿಳಾಸವು ಕಳೆದುಹೋಗಿ, ನಿಲ್ದಾಣದ ಹತ್ತಿರ ಒಂದು ಬರಿದಾದ ಸರಕು ಡಬ್ಬಿಯಲ್ಲಿ ರಾತ್ರಿ ಕಳೆದರೆಂದು ಅವರ ಚರಿತ್ರಕಾರರು ಬರೆದಿರುವರು. ಬೆಳಿಗ್ಗೆ ಶ್ರೀಮಂತರ ಬೀದಿಯಲ್ಲಿ ಮನೆ ಮನೆಗೆ ಹೋದರೆ ಬಾಗಿಲುಗಳು ಮುಚ್ಚಿದವು. ಕಡೆಗೆ ಜಾರ್ಜ ಹೇಲ ಎಂಬ ಗೃಹಸ್ಥರ ಪತ್ನಿಯು ಒಳಗೆ ಕರೆದು ಉಪಚರಿಸಿದಳು. 1893ರ ಸಪ್ಟೆಂಬರ 11ನೆಯ ದಿವಸದ ಭಾಷಣವನ್ನು ನಮ್ಮ ಸಾಲೆಯ ಮಕ್ಕಳೆಲ್ಲ ಬಲ್ಲರು. ಅದರ ಹಿಂದಿನ ಈ ರಾತ್ರಿಯನ್ನು ಬಲ್ಲವರು ಕಡಿಮೆ.

ಆ ಸಭೆ ನೆರೆದ ಕಟ್ಟಡವು ಈಗ ಆರ್ಟ ಇನ್‌ಸ್ಟಿಟ್ಯೂಟ ಎಂಬ ಚಿತ್ರಶಾಲೆ. ಪ್ರವೇಶಕ್ಕೆ ಮೂವತ್ತು ಡಾಲರಿಗೂ ಮೇಲೆ, ಎಂದರೆ ಎರಡೂವರೆ ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಬಾಗಿಲಿನ ಎರಡು ಕಂಚಿನ ಸಿಂಹಗಳನ್ನೂ, ಬೀದಿಗೆ ಸ್ವಾಮಿಗಳ ಹೆಸರಿಟ್ಟ ಫಲಕವನ್ನೂ ನೋಡಿ ಕೈಮುಗಿದು, ಹಣ ಬೇಡದ ಕಡೆಗೆ ನಡೆದೆವು.

ಹಾಗೆ ನಡೆದವರಿಗೆ ದೊರೆಯುವದು ಮಿಶಿಗನ್ ಸರೋವರ. ಸರೋವರವೆಂದರೆ ನಮ್ಮ ಗದುಗಿನ ಭೀಷ್ಮಕೆರೆಯನ್ನು ನೆನೆಯಬಾರದು. ಅದರ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರು, ಎಂದರೆ ಇಡಿಯ ಕರ್ನಾಟಕದ ಮೂರನೆಯ ಒಂದು ಪಾಲಿಗೆ ತುಸು ಕಡಿಮೆ, ಅಷ್ಟೂ ಸಿಹಿನೀರು! ಬೇಸಗೆಯಲ್ಲಿ ಕೊಡಗಳನ್ನು ಸಾಲಿಗಿಟ್ಟು ಕಾಯುವ ಸೀಮೆಯವರಾದ ನಾವು ಬೊಗಸೆಯಲ್ಲಿ ಕುಡಿದು ನೋಡಿದ ಹೊರತು ನಂಬಲಿಲ್ಲ. ಊರ ಹೊಲಸು ಈ ನೀರಿಗೆ ಬೀಳಬಾರದೆಂದು 1900ರಲ್ಲಿ ಅಲ್ಲಿಯ ಜನರು ಕಾಲುವೆ ತೋಡಿ ತಮ್ಮ ನದಿಯನ್ನೇ ಹಿಂದಕ್ಕೆ ಹರಿಸಿದರು. ಕೆಳಗಿನ ಊರುಗಳವರು ಇದಕ್ಕೆ ಏನೆಂದಿರಬೇಕೆಂಬದನ್ನು ವಾಚಕರೇ ಊಹಿಸಲಿ.

ಇಂಥ ದಂಡೆಯ ಮೇಲೆ ಸಿರಿವಂತರ ಮಹಡಿಗಳು ಏಕೆ ಏಳಲಿಲ್ಲವೆಂಬದೇ ನಮಗೆ ಆಶ್ಚರ್ಯ. 1836ರ ನಕಾಶೆಯಲ್ಲಿ ಈ ಭೂಮಿಯು ಕಟ್ಟಡವಿಲ್ಲದೆ ಸದಾ ತೆರೆದಿರತಕ್ಕ ಸಾರ್ವಜನಿಕ ಭೂಮಿ ಎಂದು ಬರೆದಿದ್ದಿತು. ನಕಾಶೆಯಲ್ಲಿ ಬರೆದದ್ದೆಲ್ಲ ಉಳಿಯುವದಾದರೆ ನಮ್ಮ ಊರೂರಿನ ಗೋಮಾಳಗಳು ಎಲ್ಲಿಗೆ ಹೋದವು? ಉಳಿಸಿದವನು ಮಾಂಟ್ಗಮರಿ ವಾರ್ಡ ಎಂಬ ವ್ಯಾಪಾರಿ. 1890ರಿಂದ ಇಪ್ಪತ್ತು ವರ್ಷ ಸ್ವಂತ ಹಣದಿಂದ ನಗರದ ಮೇಲೆಯೇ ದಾವೆ ಹೂಡಿ, ಪತ್ರಿಕೆಗಳ ನಿಂದೆಯನ್ನು ಸಹಿಸಿ, ವಸ್ತುಸಂಗ್ರಹಾಲಯ ಕೂಡ ಅಲ್ಲಿ ಏಳಗೊಡಲಿಲ್ಲ. ನೆರೆಯವರ ಒಪ್ಪಿಗೆಯಿಂದ ಎದ್ದದ್ದು ಆ ಚಿತ್ರಶಾಲೆಯೊಂದೇ. ಹುಲ್ಲಿನ ಮೇಲೆ ಅವಲಕ್ಕಿ ತಿನ್ನುತ್ತ ನಮಗೆ ಕಪ್ಪತಗುಡ್ಡವು ಕಣ್ಣಿಗೆ ಕಟ್ಟಿತು. 2016ರಲ್ಲಿ ಅದರ ರಕ್ಷಣೆಯ ಆಜ್ಞೆಯನ್ನು ಸರಕಾರವು ಹಿಂದಕ್ಕೆ ತೆಗೆದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಗದುಗಿನ ಜನರು ಬೀದಿಗಿಳಿದಿದ್ದರು. 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಸ್ವಾಮಿಗಳು ಇರಲಿಲ್ಲ.

ಆದರೆ ಆ ತೆರೆದ ಭೂಮಿಗೂ ಒಂದು ಗಡಿಯಾರವುಂಟು. ಉದ್ಯಾನಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಯಾರೂ ಇರಕೂಡದು. ಕಡೆಯ ರಾತ್ರಿ ನಾವು ನೀರಿನ ಸಪ್ಪಳ ಕೇಳುತ್ತ ತಡಮಾಡಿ ಕುಳಿತಿದ್ದೆವು. ಸ್ವಲ್ಪ ದೂರದಲ್ಲಿ ನಮ್ಮ ವಯಸ್ಸಿನವನೇ ಒಬ್ಬನು ಬೆಂಚಿನ ಮೇಲೆ ಕಂಬಳಿ ಹಾಸಿದ್ದನು. ಪೋಲೀಸರ ಮೋಟಾರು ಮೆಲ್ಲಗೆ ಬಂದು ದೀಪ ತೋರಿಸಿತು. ಯಾರೂ ಗದರಿಸಲಿಲ್ಲ, ಅವನೂ ವಾದಿಸಲಿಲ್ಲ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಚೀಲಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು, ವಾಕರ ಹಾದಿಯ ಕೆಳಗಣ ಅಂತಸ್ತಿನ ಕಡೆಗೆ ತಳ್ಳುತ್ತ ಹೊರಟನು. ದಾರಿಯ ಅಡಿಯಲ್ಲಿ ದಾರಿ ಇರುವ ಆ ಕತ್ತಲೆಯ ಠಾವಿನಲ್ಲಿ ಅವನಂಥವರು ಹಲವರು ಮಲಗುವದನ್ನು ನಾವು ಹಗಲಲ್ಲಿ ನೋಡಿದ್ದೆವು. ತಿರುವಿನ ವರೆಗೆ ಇಬ್ಬರದೂ ಒಂದೇ ದಾರಿ. ಅವನು, “ನಿನಗೆ ಠಾವು ಇದೆಯೆ?” ಎಂದು ಕೇಳಿದನು. ಇದೆಯೆಂದೆವು. “ಒಳ್ಳೆಯದು” ಎಂದು ತಲೆಯಲ್ಲಾಡಿಸಿ ಗಾಡಿಯನ್ನು ಇಳಿಜಾರಿಗೆ ತಿರುಗಿಸಿದನು.